ಮುಷ್ಟಿ ಕಟ್ಟಿದ ಒಂಬತ್ತು ಕೈಗಳು

ಟ್ರಿನಿಡಾಡಿನಲ್ಲಿ ರಸಾಯನಶಾಸ್ತ್ರದ ಪದವಿ ಪಡೆದ ಮರಿಶಾ ಬಾಪ್ಟಿಸ್ಟ್, ಜಪಾನಿನ ಮಿಯಾಜಾಕಿ ಕರಾವಳಿಯ ಶಾಲೆಯೊಂದಕ್ಕೆ ಸಹಾಯಕ ಇಂಗ್ಲಿಷ್ ಶಿಕ್ಷಕಿಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಪಾಠ ಹಿರಾಬಾಯಾಶಿ ಮೇಡಂ ಅವರದು. ಗಟ್ಟಿಯಾಗಿ ಓದುವುದಷ್ಟೇ ಮರಿಶಾಳ ಕೆಲಸ. ಅವಳ ಒಪ್ಪಂದ ವರ್ಷವರ್ಷವೂ ಹೊಸದಾಗಬೇಕಿತ್ತು. ಅದನ್ನು ತೀರ್ಮಾನಿಸುವ ಶಿಕ್ಷಣ ಸಮಿತಿಯವರು ಪ್ರತಿ ಫೆಬ್ರವರಿಯಲ್ಲಿ ಬಂದು, ತರಗತಿಯ ಹಿಂದೆ ನಿಂತು ಪಾಠ ನೋಡುತ್ತಿದ್ದರು.

ಆ ದಿನಕ್ಕೆಂದೇ ಒಂದು ಏರ್ಪಾಡಿತ್ತು. ಪ್ರಶ್ನೆ ಕೇಳಿದೊಡನೆ ಎಲ್ಲರೂ ಕೈ ಎತ್ತಬೇಕು: ಉತ್ತರ ಗೊತ್ತಿದ್ದವರು ಅಂಗೈ ಬಿಡಿಸಿ, ಗೊತ್ತಿಲ್ಲದವರು ಮುಷ್ಟಿ ಕಟ್ಟಿ. ಮೇಡಂ ಅಂಗೈಗಳನ್ನಷ್ಟೇ ಕರೆಯುತ್ತಿದ್ದರು. ಹಿಂದೆ ನಿಂತವರಿಗೆ ಮೂವತ್ತೊಂದು ಕೈಗಳೂ ಮೇಲೆದ್ದದ್ದು ಕಂಡರೆ ಸಾಕು.

ಮೂರು ವರ್ಷ ಮರಿಶಾ ಸುಮ್ಮನಿದ್ದಳು. ಈ ಸಲ ತಾಲೀಮು ನಡೆದಾಗಲೆಲ್ಲ ಎಣಿಸಿ ಬರೆದಿಟ್ಟಳು. ಮುಷ್ಟಿಗಳು ಒಂಬತ್ತು, ಪ್ರತಿ ಸಲವೂ ಅವೇ ಒಂಬತ್ತು. ಎಲ್ಲಕ್ಕಿಂತ ಮೊದಲು ನೆಟ್ಟಗೆ ಏಳುತ್ತಿದ್ದದ್ದು ದೋಣಿ ಎಂಜಿನ್ ರಿಪೇರಿ ಮಾಡುವವನ ಮಗಳು ಚಿಹೊಳದು.

ಊಟದ ನಂತರ ಶಾಲೆಯವರೆಲ್ಲ ಸೇರಿ ನೆಲ ಒರೆಸುವ ಹೊತ್ತು. ಮಂಡಿಯೂರಿ ಕುಳಿತಿದ್ದ ಮರಿಶಾ ಪಕ್ಕದಲ್ಲಿದ್ದ ಚಿಹೊಳನ್ನು ಆ ಬಗ್ಗೆ ಕೇಳಿದಳು.

"ಮುಷ್ಟಿ ಎತ್ತಿದ್ರೆ ಆರಾಮ, ಟೀಚರ್. ಯಾರೂ ಕರೆಯಲ್ಲ" ಎಂದಳು ಚಿಹೊ, ಬಟ್ಟೆ ಹಿಂಡುತ್ತ. "ಹೋದ ವರ್ಷದ ಪಾಠಾನೂ ನಂಗೆ ಬರಲ್ಲ. ಯಾರಿಗೂ ಗೊತ್ತೇ ಆಗ್ಲಿಲ್ಲ."

ಅವಳು ನಗುತ್ತಿದ್ದಳು. ಮರಿಶಾಳಿಗೆ ನಗು ಬರಲಿಲ್ಲ. ಮುಷ್ಟಿಗಳನ್ನೂ ಕರೆಯೋಣ ಎಂದು ಮೇಡಂ ಬಳಿ ಹೇಳಿದಾಗ ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನೀನು ಇನ್ನೊಂದು ವರ್ಷ ಇಲ್ಲಿರ್ಬೇಕೋ ಬೇಡ್ವೋ, ತಾಯಿ?"

ಸಮಿತಿಯ ಐವರು ಬಂದರು. ಮೇಡಂ ಪ್ರಶ್ನೆ ಕೇಳಿದರು, ಮೂವತ್ತೊಂದು ಕೈಗಳು ಎದ್ದವು. ಮೇಡಂ ಬಾಯಿ ತೆರೆಯುವ ಮೊದಲೇ ಮರಿಶಾ, "ಚಿಹೊ" ಎಂದಳು.

ಎತ್ತಿದ ಮುಷ್ಟಿಯನ್ನು ಇಳಿಸುವುದನ್ನೂ ಮರೆತು ಚಿಹೊ ಎದ್ದು ನಿಂತಳು. ಕೊನೆಗೆ, ನನಗೆ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಆ ವರ್ಷ ಅವಳು ತಾನಾಗಿ ಆಡಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಎಲ್ಲಿಂದ ಗೊತ್ತಿಲ್ಲ ಎಂದು ಮರಿಶಾ ಕೇಳಿದಳು. ಚಿಹೊ ಪುಸ್ತಕದ ಪುಟಗಳನ್ನು ಹಿಂದಕ್ಕೆ ಮಗುಚಿ, ಮೂರನೆಯ ಪುಟ ತೋರಿಸಿದಳು. ಉಳಿದ ಹೊತ್ತೆಲ್ಲ ಮೂರನೆಯ ಪುಟದ್ದೇ ಪಾಠವಾಯಿತು.

ಮರುದಿನ ಬೆಳಿಗ್ಗೆ ಉಪಮುಖ್ಯೋಪಾಧ್ಯಾಯ ನಗಾಟೊಮೊ ಶಿಕ್ಷಕರ ಕೋಣೆಯಲ್ಲಿ ಮರಿಶಾಳ ಮುಂದೆ ಒಂದು ಮುಚ್ಚಳಿಕೆ ಇಟ್ಟರು. ಇನ್ನು ಮುಂದೆ ಏರ್ಪಾಡು ಮೀರುವುದಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಸಹಿಯ ಬದಲಿಗೆ ಹೆಸರಿನ ಮುದ್ರೆ ಒತ್ತಿದರೆ ಅದು ಒಪ್ಪಂದದ ಜೊತೆ ಸಮಿತಿಗೆ ಹೋಗುತ್ತದೆ ಎಂದರು.

ಆ ಕೋಣೆಯಲ್ಲಿ ಬರಹವನ್ನು ಹೊಡೆದುಹಾಕುವುದಕ್ಕೂ ಒಂದು ಕ್ರಮವಿತ್ತು. ಮರಿಶಾ ಅಳತೆಪಟ್ಟಿ ಇಟ್ಟು ಆ ಸಾಲಿನ ಮೇಲೆ ಎರಡು ಗೆರೆ ಎಳೆದಳು. ಗೆರೆಗಳ ಮೇಲೆ ತನ್ನ ಹೆಸರಿನ ಮುದ್ರೆ ಒತ್ತಿದಳು. ಮೊದಲ ವರ್ಷ ಹಿರಾಬಾಯಾಶಿ ಮೇಡಂ ಕೆತ್ತಿಸಿಕೊಟ್ಟ ಮುದ್ರೆ ಅದು. ಕೆಳಗೆ, 'ಮುಷ್ಟಿಗಳನ್ನೂ ಕರೆಯುತ್ತೇನೆ' ಎಂದು ಬರೆದಳು.

"ಇದನ್ನ ಕಳಿಸಿದ್ರೆ ನಿಮ್ಮ ಕೆಲಸ ಹೋಗುತ್ತೆ, ಮರಿಶಾ ಟೀಚರ್."

"ಕಳಿಸಿ ಸರ್. ಮಾರ್ಚ್ ಮುಗಿಯೋದ್ರೊಳಗೆ ಇನ್ನೂ ಹತ್ತೊಂಬತ್ತು ಪಾಠ ಇದಾವೆ. ಮುಷ್ಟಿ ಎತ್ತೋ ಮಕ್ಕಳು ಒಂಬತ್ತೇ ಜನ."

ಪಕ್ಕದ ಮೇಜಿನಿಂದ ಹಿರಾಬಾಯಾಶಿ ಮೇಡಂ ಎದ್ದರು. ತಮ್ಮ ಮುದ್ರೆ ತೆಗೆದು, ಮರಿಶಾಳದರ ಪಕ್ಕದಲ್ಲೇ ಒತ್ತಿ, ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದರು.

ಸಮಿತಿಯ ಉತ್ತರ ಬರಲು ಇನ್ನೂ ದಿನಗಳಿದ್ದವು. ಆ ದಿನ ತರಗತಿಯಲ್ಲಿ ಎದ್ದ ಕೈಗಳು ಇಪ್ಪತ್ತೆರಡು. ಮುಷ್ಟಿ ಕಟ್ಟುತ್ತಿದ್ದ ಒಂಬತ್ತು ಕೈಗಳು ಮೇಜಿನ ಮೇಲೇ ಇದ್ದವು. ಮೇಡಂ ಮೊದಲು ಕರೆದದ್ದು ಚಿಹೊಳನ್ನು.