ನಂಜುಂಡಯ್ಯನವರ ಪಾಲು

ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಯಾವುದು ಅಂತ ಕಳೆದ ಭಾನುವಾರ ಬೆಳಿಗ್ಗೆ, ಲಿಫ್ಟಿಗೆ ಕಾಯುತ್ತ ನಿಂತಿದ್ದಾಗ ಗೊತ್ತಾಯಿತು. ಹೇಳಿದವರು ಯಾವ ಪ್ರೊಫೆಸರೂ ಅಲ್ಲ. ನಮ್ಮ ಮೂರನೇ ಮಹಡಿಯ ಅಜ್ಜಿಯನ್ನು ನೋಡಿಕೊಳ್ಳಲು ಹೊಸದಾಗಿ ಬಂದಿರುವ ಆಯಾ, ಸೆಲ್ವಿ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಚೆನ್ನೈಯ ಒಂದು ಬಿಸಿನೆಸ್ ಕಾಲೇಜಿನಲ್ಲಿ ಪಾಠ. ಅದರಲ್ಲೂ ಫ್ಯಾಮಿಲಿ ಬಿಸಿನೆಸ್. ಅಪ್ಪ ಕಟ್ಟಿದ್ದನ್ನು ಮಕ್ಕಳು ಹೇಗೆ ನಡೆಸಬೇಕು, ಅಣ್ಣತಮ್ಮಂದಿರು ಒಂದೇ ಕ್ಯಾಬಿನ್‌ನಲ್ಲಿ ಎಷ್ಟು ದಿನ ಕೂರಬಹುದು, ಅಳಿಯನನ್ನು ಎಷ್ಟು ಒಳಗೆ ಬಿಟ್ಟುಕೊಳ್ಳಬೇಕು, ಇಂಥವು. (ನನ್ನ ಹೆಂಡತಿ ಇದನ್ನೇ ಬೇರೆ ಥರ ಹೇಳುತ್ತಾಳೆ: "ಊರವರ ಮನೆ ಜಗಳ ಕೇಳೋದಕ್ಕೆ ನಿಮಗೆ ಸಂಬಳ.") ತೊಂಬತ್ತರ ದಶಕದ ನಡುವೆ ಮೈಸೂರಿನಿಂದ ಇಲ್ಲಿಗೆ ಬಂದಾಗ ಈ ವಿಷಯಕ್ಕೆ ಬೆಲೆಯೇ ಇರಲಿಲ್ಲ. ಫೈನಾನ್ಸ್ ಹೇಳುವವರಿಗೆ ದೊಡ್ಡ ರೂಮು. ನನಗೆ ಜೆರಾಕ್ಸ್ ಮೆಷಿನ್ ಪಕ್ಕದ ಮೂಲೆ.

ಆ ಮೂಲೆಯಿಂದ ನಾನು ಎದ್ದು ಬಂದದ್ದು ನಂಜುಂಡಯ್ಯನವರಿಂದ.

ನಂಜನಗೂಡಿನ ಕಡೆಯವರು. ಹುಡುಗನಾಗಿದ್ದಾಗಲೇ ಆಗಿನ ಮದ್ರಾಸು ಸೇರಿ, ಮಣಲಿಯಲ್ಲಿ ಎಣ್ಣೆ ತುಂಬುವ ಕಬ್ಬಿಣದ ಡ್ರಮ್ ಮಾಡುವ ಫ್ಯಾಕ್ಟರಿ ಕಟ್ಟಿದವರು. ಇಬ್ಬರು ಗಂಡುಮಕ್ಕಳು. ದೊಡ್ಡವನು ಚಂದ್ರು, ಚಿಕ್ಕವನು ಮುರಳಿ. ಇಬ್ಬರೂ ಇಲ್ಲೇ ಓದಿದವರು, ಅವರ ಕನ್ನಡದಲ್ಲಿ ಅರ್ಧ ತಮಿಳು. ನಾನು ಸಂಶೋಧನೆಯ ನೆಪದಲ್ಲಿ ಶನಿವಾರ ಶನಿವಾರ ಅವರ ಮನೆಗೆ ಹೋಗುತ್ತಿದ್ದೆ.

"ಬನ್ನಿ ಮೇಷ್ಟ್ರೇ," ಅನ್ನುತ್ತಿದ್ದರು ನಂಜುಂಡಯ್ಯನವರು. "ವಾರಕ್ಕೊಂದ್ಸಲ ನಿಮ್ಮ ಜೊತೆ ಕನ್ನಡ ಆಡ್ದೇ ಇದ್ರೆ ನನ್ನ ನಾಲಿಗೆ ತುಕ್ಕು ಹಿಡಿಯತ್ತೆ."

ಡ್ರಮ್ಮಿನವರಲ್ಲವೇ, ತುಕ್ಕಿನದೇ ಯೋಚನೆ. ನನ್ನ ಹತ್ತಿರ ಅವರು ಒಂದು ದಿನವೂ ತಮಿಳಿನ ಒಂದು ಶಬ್ದ ಆಡಿದವರಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ದಿನ ಅವರಿಗೆ ಸ್ಟ್ರೋಕ್ ಆಯಿತು. ಮಾತು ಪೂರ್ತಿ ಹೋಯಿತು. ಎರಡು ವಾರದ ಮೇಲೆ ಒಂದೇ ಒಂದು ಶಬ್ದ ವಾಪಸ್ ಬಂತು. ಪಾಲು.

ಚಂದ್ರು ಫೋನ್ ಮಾಡಿ ಕರೆಸಿಕೊಂಡ. ನಾನು ಮಂಚದ ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಮಕ್ಕಳಿಬ್ಬರೂ ಆಚೀಚೆ ನಿಂತಿದ್ದರು. ನಂಜುಂಡಯ್ಯನವರು ನನ್ನ ಹೆಗಲ ಹಿಂದೆ ಎಲ್ಲೋ ನೋಡುತ್ತ "ಪಾಲು... ಪಾಲು..." ಅಂದರು. ಕಣ್ಣಲ್ಲಿ ನೀರಿತ್ತು.

"ಒರುವೇಳೆ ಹಾಲು ಕೇಳ್ತಾ ಇದ್ದಾರೋ ಏನೋ ಸಾರ್?" ಅಂದ ಚಂದ್ರು. ತಮಿಳಿನಲ್ಲಿ ಹಾಲಿಗೆ ಪಾಲು ಅನ್ನುತ್ತಾರೆ, ಈ ಊರಿನಲ್ಲಿ ಎರಡು ದಿನ ಇದ್ದವರಿಗೂ ಅದು ಗೊತ್ತು.

ನಾನು ನಕ್ಕುಬಿಟ್ಟೆ. (ಆ ನಗು ಈಗ ನೆನೆಸಿಕೊಂಡರೆ ಮೈಯೆಲ್ಲ ಮುಳ್ಳಾಗುತ್ತದೆ.) "ನಿಮ್ಮಪ್ಪ ನನ್ನ ಹತ್ರ ಯಾವತ್ತಾದರೂ ತಮಿಳು ಮಾತಾಡಿದ್ದಾರೇನಪ್ಪಾ? ಪಾಲು ಅಂದರೆ ಕನ್ನಡದಲ್ಲಿ ಭಾಗ. ಹಿಸ್ಸೆ. ತಾವು ಇರುವಾಗಲೇ ನಿಮ್ಮಿಬ್ಬರಿಗೂ ಪಾಲು ಮಾಡಿಕೊಡಬೇಕು ಅಂತ ಅವರ ಜೀವ ಒದ್ದಾಡ್ತಾ ಇದೆ." ಹಿಂದೆ ತಿರುಗಿ ನೋಡಿದೆ. ಗೋಡೆಯ ಮೇಲೆ ಅಣ್ಣತಮ್ಮಂದಿರ ಚಿಕ್ಕಂದಿನ ಫೋಟೋ ಇತ್ತು. ಅದನ್ನೂ ತೋರಿಸಿದೆ. "ನೋಡಿ, ಯಾವುದನ್ನು ನೋಡ್ತಾ ಇದ್ದಾರೆ."

ಚಂದ್ರುವಿಗೆ ಆ ಅರ್ಥವೇ ಗೊತ್ತಿರಲಿಲ್ಲ, ತಲೆ ತಗ್ಗಿಸಿದ. ಮುರಳಿ ಮಾತ್ರ "ಅದೇ ಕರೆಕ್ಟ್ ಸಾರ್" ಅಂದ. ಅವನಿಗೆ ಬೇರೆಯಾಗುವ ಆಸೆ ಮೊದಲಿನಿಂದಲೂ ಇತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಧೈರ್ಯ ನಾನು ಕೊಟ್ಟೆ.

ತಿಂಗಳೊಳಗೆ ನಂಜುಂಡಯ್ಯನವರು ತೀರಿಕೊಂಡರು. ವರ್ಷದೊಳಗೆ ಮಣಲಿಯ ಶೆಡ್ಡಿನ ನಡುವೆ ಗೋಡೆ ಎದ್ದಿತು. ಒಂದು ಕಾಂಪೌಂಡಿಗೆ ಎರಡು ಗೇಟು, ಎರಡು ಬೋರ್ಡು. ಚಂದ್ರುವಿನ ಮಗಳ ಮದುವೆಗೆ ಮುರಳಿಯ ಮನೆಯಿಂದ ಒಬ್ಬರೂ ಬರಲಿಲ್ಲ.

ನಾನು? ನಾನು ಅದನ್ನೆಲ್ಲ ಕೇಸ್ ಸ್ಟಡಿ ಬರೆದೆ. ಸಂಸ್ಥಾಪಕನ ಕೊನೆಯ ಮಾತು, ಅದನ್ನು ಸಕಾಲಕ್ಕೆ ಅರ್ಥ ಮಾಡಿಕೊಂಡ ಸಲಹೆಗಾರ, ಶಾಂತವಾಗಿ ನಡೆದ ವಿಭಜನೆ. ಸೆಮಿನಾರುಗಳಲ್ಲಿ ಚಪ್ಪಾಳೆ ಬಿತ್ತು. ಪ್ರಮೋಷನ್ ಸಿಕ್ಕಿತು. ಜೆರಾಕ್ಸ್ ಮೆಷಿನ್ನಿನ ಪಕ್ಕದಿಂದ ಎರಡು ಕಿಟಕಿಯ ರೂಮಿಗೆ ಬಂದೆ. ಪ್ರತಿ ವರ್ಷ ಹೊಸ ಬ್ಯಾಚಿಗೆ ಇದೇ ಮೊದಲ ಪಾಠ.

ಈಗ ಭಾನುವಾರಕ್ಕೆ ಬನ್ನಿ. ಬೆಸೆಂಟ್ ನಗರದ ಬೀಚಿನಲ್ಲಿ ವಾಕಿಂಗ್ ಮುಗಿಸಿ ಬಂದು ಲಿಫ್ಟ್ ಮುಂದೆ ನಿಂತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನನ್ನೇ ನೋಡಿ, "ನೀವು ಮಣಲಿ ಯಜಮಾನರ ಮನೆಗೆ ಬರ್ತಿದ್ದ ಸಾರ್ ಅಲ್ವಾ?" ಅಂತ ಕೇಳಿದರು. ನಂಜುಂಡಯ್ಯನವರ ಮನೆಕೆಲಸಕ್ಕಿದ್ದು, ಕೊನೆಯ ದಿನಗಳಲ್ಲಿ ಅವರನ್ನು ನೋಡಿಕೊಂಡವರು ಈ ಸೆಲ್ವಿಯೇ ಅಂತೆ. ನನಗೆ ಗುರುತೇ ಸಿಗಲಿಲ್ಲ. ಆಕೆ ಆಡಿದ್ದು ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಶಬ್ದ ಮಾತ್ರ ಹಾಗೇ ಬಿಟ್ಟಿದ್ದೇನೆ.

"ಪಾಪ ಸಾರ್ ಅವರು. ಮಾತು ಹೋಗೋ ಮುಂಚೆ ನನ್ನ ಹತ್ರ ಯಾವಾಗ್ಲೂ ತಮಿಳೇ. ಆಮೇಲೆ ಆ ಒಂದೇ ಮಾತು. ನನ್ನ ಮುಖ ಕಂಡ್ರೆ ಸಾಕು, ಪಾಲು ಪಾಲು ಅಂತ ಕೇಳೋರು. ತೆಳ್ಳಗಿರೋದು ಏನೂ ಕೊಡ್ಬೇಡ, ನೆತ್ತಿಗೆ ಹತ್ತತ್ತೆ, ಗಟ್ಟಿ ಗಂಜಿ ಮಾತ್ರ ಕೊಡು ಅಂದಿದ್ರು ಡಾಕ್ಟರು. ನೀವು ಬಂದ ದಿನಾನೂ ಕೇಳಿದ್ರು. ನಾನು ನಿಮ್ಮ ಹಿಂದೆ, ಆ ಫೋಟೋ ಕೆಳಗೆ ಗಂಜಿ ಹಿಡ್ಕೊಂಡು ನಿಂತಿದ್ದೆ. ನೀವು ದೊಡ್ಡವರೆಲ್ಲ ನಿಮ್ಮ ಭಾಷೇಲಿ ಏನೋ ಮಾತಾಡ್ತಿದ್ರಿ. ನನಗೇನು ತಿಳೀಬೇಕು?"

ಲಿಫ್ಟ್ ಬಂತು. ಆಕೆ ಹತ್ತಿದರು. ನಾನು ಹತ್ತಲಿಲ್ಲ.

ಆ ದಿನ ನಾನು ತಿರುಗಿ ನೋಡಿದಾಗ ಫೋಟೋ ಕಂಡಿತ್ತು. ಅದರ ಕೆಳಗೆ ನಿಂತಿದ್ದ ಹೆಂಗಸು ಕಂಡಿರಲಿಲ್ಲ. ಸೈಟ್ ಬ್ರೋಕರ್‌ಗೆ ಯಾರ ಮನೆಗೆ ಊಟಕ್ಕೆ ಹೋದರೂ ಗೋಡೆಗಳ ಅಳತೆಯೇ ಕಾಣುತ್ತದಂತೆ. ನನಗೂ ಹಾಗೇ, ಯಾರ ಮನೆಗೆ ಹೋದರೂ ಬಿರುಕೇ ಕಾಣುತ್ತಿತ್ತು. ನನ್ನ ಕಿವಿಗೆ ಬಿದ್ದದ್ದು ಆ ಹಿರಿಯರ ಮಾತೋ, ನನ್ನದೇ ಸಿಲಬಸ್ಸೋ? ನನಗೆ ಕನ್ನಡ ಬರುತ್ತದೆ ಅನ್ನುವ ಜಂಬ ಬೇರೆ. ನಾಚಿಕೆಯಾಯಿತು. ಅಳುವೂ ಬಂತು.

ಎರಡು ದಿನ ಊಟ ಸೇರಲಿಲ್ಲ. ಹೇಳದೇ ಇದ್ದುಬಿಡಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಮಂಗಳವಾರ ಚಂದ್ರುವಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಪ್ಪಾಯಿತು ಅಂದೆ. ಮುರಳಿಗೂ ನಾನೇ ಹೇಳುತ್ತೇನೆ, ಕೇಸ್ ಸ್ಟಡಿ ವಾಪಸ್ ತೆಗೆದುಕೊಳ್ಳುತ್ತೇನೆ, ಇಬ್ಬರೂ ಒಪ್ಪಿದರೆ ಎದುರಿಗೆ ಕೂತು ಮಾತಾಡಬಹುದು ಅಂತ ಬಡಬಡಿಸಿದೆ.

ಆ ಕಡೆ ಡ್ರಮ್ ಬಡಿಯುವ ಸದ್ದು ಕೇಳಿಸುತ್ತಿತ್ತು.

"ನಾನ್ ಅವತ್ತೇ ಕೇಳ್ದೆನಲ್ಲ ಸಾರ್," ಅಂದ.

ನಾನು ಮತ್ತೊಮ್ಮೆ ತಪ್ಪಾಯಿತು ಅಂದೆ.

"ಗೋಡೆ ಇರ್ಲಿ ಬಿಡಿ ಸಾರ್. ಪಳಕ, ಅಭ್ಯಾಸ ಆಗೋಯ್ತು ನಮಗೆ, ಅವನಿಗೂ ಅಷ್ಟೇ." ಆಮೇಲೆ ಮೆಲ್ಲಗೆ ಕೇಳಿದ, "ಆ ಸೆಲ್ವಿಯಮ್ಮಾ ಅಪ್ಪಂಗೆ ಒಂದು ಸ್ಪೂನ್ ಆದ್ರೂ ಹಾಲು ಕೊಟ್ರಂತಾ ಸಾರ್?"

ಅದನ್ನು ನಾನು ಕೇಳಿಯೇ ಇರಲಿಲ್ಲ.