ಅಜ್ಜಿಯ ಸಕ್ಕರೆ, ನನ್ನ ಬಿ.ಎಸ್ಸಿ.

ಹೆಸರಿನ ಮುಂದೆ ಬಿ.ಎಸ್ಸಿ. ನರ್ಸಿಂಗ್ ಎಂದು ಬರೆಯಲು ಎಲ್ಲಿ ಜಾಗ ಸಿಕ್ಕರೂ ಬಿಡದವಳು ನಾನು. ಗ್ಯಾಸ್ ಸಿಲಿಂಡರಿನ ಪುಸ್ತಕದ ಮೇಲೂ ಬರೆದಿದ್ದೇನೆ. ಗುಂಜಿ ಹಳ್ಳಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ನನ್ನ ಅರ್ಜಿಗೆ ಅವ್ವ ಹೆಬ್ಬೆಟ್ಟು ಒತ್ತಿದ್ದಳು. ಒತ್ತುವ ಮೊದಲು, ಕಾಗದ ಹೊಲಸಾದೀತೆಂದು ಬೆರಳನ್ನು ಸೆರಗಿಗೆ ಮೂರು ಸಲ ಒರೆಸಿಕೊಂಡಿದ್ದಳು. ಗುಮಾಸ್ತ ನೋಡುತ್ತಿದ್ದ, ನನಗೆ ನಾಚಿಕೆಯಾಗಿತ್ತು.

ಬೆಳಗಾವಿಯ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನನ್ನದು ರಾತ್ರಿ ಪಾಳಿ. "ರಾತ್ರಿ ಎಲ್ಲಾರೂ ಮಲಗಿರ್ತಾರ, ನಿಂದೇನs ಕೆಲಸ?" ಎಂದು ಬಂಧುಗಳು ಕೇಳುತ್ತಾರೆ. ಮಲಗುವವರು ಯಾರು? ಒಬ್ಬರಿಗೆ ಎರಡು ಗಂಟೆಗೆ ಬಸ್ಸು ಹಿಡಿಯಬೇಕು, ಇನ್ನೊಬ್ಬರಿಗೆ ಎಂದೋ ಮಾರಿದ ಎಮ್ಮೆಯನ್ನು ಹಿಂಡಬೇಕು. ಬಸ್ಸು ಕೆಟ್ಟು ನಿಂತಿದೆ, ಎಮ್ಮೆಯ ಹಾಲು ಬತ್ತಿದೆ ಎಂದು ಸಮಾಧಾನ ಹೇಳಬೇಕು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ನಾನು ಎಡವಿದ್ದು ಮಾತ್ರ ಕಲಿಸಿದ್ದರಲ್ಲಿ.

ಗೌರವ್ವಜ್ಜಿಗೆ ಸಕ್ಕರೆ ಕಾಯಿಲೆ. ನಸುಕಿನ ಐದಕ್ಕೆ ಅವರ ಬೆರಳು ಚುಚ್ಚಿ ಸಕ್ಕರೆ ನೋಡುವವಳು ನಾನು. ಆ ವಾರ ಹೊಸ ರೋಗಿಯೊಬ್ಬರು ಸೇರಿ ಕೆಲಸ ಹೆಚ್ಚಿದ್ದರಿಂದ, ಗುರುವಾರದಿಂದ ಆರಕ್ಕೆ ಹೋಗತೊಡಗಿದೆ. ಹೋದ ದಿನವೇ ಮುನ್ನೂರು ದಾಟಿತು. ಶುಕ್ರವಾರವೂ ಅಷ್ಟೇ. ಭಾನುವಾರ ಖಾನಾಪುರದಲ್ಲಿ ಅವರ ಮರಿಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವವರಿದ್ದರು. ಅಜ್ಜಿ ತಿಂಗಳಿಂದ ದಿನ ಎಣಿಸುತ್ತಿದ್ದರು. "ನಾಳೆನೂ ಇಷ್ಟs ಇದ್ರ ಇನ್ಸುಲಿನ್ ಏರಸೂಣು. ಖಾನಾಪುರ ಬ್ಯಾಡ," ಎಂದರು ಡಾಕ್ಟರು.

ನನ್ನ ಅನುಮಾನವೆಲ್ಲ ಕುಂದಾ ಎಂಬ ಸಿಹಿಯ ಮೇಲೆ. ಬೆಳಗಾವಿಯ ಈ ಹಾಲಿನ ತಿನಿಸು ರೋಗಿಗಳನ್ನು ನೋಡಲು ಬರುವವರ ಕೈಯಲ್ಲಿ ಇದ್ದೇ ಇರುತ್ತದೆ, ಅವರು ಹೋದ ಮೇಲೆ ದಿಂಬಿನ ಕೆಳಗೂ ಇರುತ್ತದೆ. ಶುಕ್ರವಾರ ಪಾಳಿಗೆ ಬಂದವಳೇ ಅಜ್ಜಿಯ ಟ್ರಂಕು ತೆರೆಸಿದೆ.

"ನೋಡವ್ವ ಫೌಜದಾರತಿ, ಚಂದಂಗ ನೋಡು," ಎಂದರು ಅಜ್ಜಿ.

ಸೀರೆಗಳ ಕೆಳಗೆ ಮೆತ್ತನೆಯ ಪೊಟ್ಟಣ. ಕಳ್ಳಮಾಲು ಸಿಕ್ಕಿತೆಂದು ಬಿಚ್ಚಿದೆ. ಕೂಸಿನ ತಲೆಗೆ ಕಟ್ಟುವ ಕುಂಚಿಗೆ! ಅದಕ್ಕೆ ಅಂಚು ಹೊಲಿಯುವುದಷ್ಟೇ ಬಾಕಿಯಿತ್ತು.

"ಇದನ್ನ ತಿಂದ್ರ ಸಕ್ಕರಿ ಏರತೈತೇನು?"

ಅದನ್ನು ಮಡಚಿ ಸೀರೆಗಳ ಕೆಳಗೇ ಇಟ್ಟೆ.

ಶನಿವಾರ ಆರಕ್ಕೆ ಹೋದಾಗ ಅಜ್ಜಿ ಇಷ್ಟಲಿಂಗದ ಪೂಜೆ ಮುಗಿಸುತ್ತಿದ್ದರು. ನೈವೇದ್ಯಕ್ಕಿಟ್ಟ ಸಕ್ಕರೆಯನ್ನು ತಾವು ತಿನ್ನುವಂತಿಲ್ಲವಲ್ಲ, ಬಾಜೂ ಮಂಚದ ಮರಾಠಿ ಮುದುಕಿ ಮಾವಶಿಯ ಅಂಗೈಗೆ ಚಿಟಿಕೆ ಚಿಟಿಕೆಯಾಗಿ ಹಾಕಿ, ಅದೇ ಬೆರಳನ್ನು ನನ್ನತ್ತ ಚಾಚಿದರು. ಚುಚ್ಚಿದೆ. ಮುನ್ನೂರ ನಲವತ್ತೆರಡು.

"ಲಿಂಗದಾಣಿ, ನಾ ಏನೂ ತಿಂದಿಲ್ಲ ತಂಗಿ." ಅಜ್ಜಿಯ ಕಣ್ಣು ತುಂಬಿತು. ಅವರ ಮುಖ ನೋಡಲಾಗದೆ ಬೆರಳು ನೋಡಿದೆ. ಒಂದು ಇರುವೆ ಅದನ್ನು ಹತ್ತುತ್ತಿತ್ತು.

ಆ ಇರುವೆ ಯಾವ ಕಾಲೇಜಿಗೂ ಹೋದದ್ದಲ್ಲ. ಅಜ್ಜಿಯನ್ನು ನಲ್ಲಿಯ ಬಳಿ ಕರೆದೊಯ್ದು, ಸಾಬೂನಿನಿಂದ ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಚುಚ್ಚಿದೆ. ನೂರ ಇಪ್ಪತ್ತೆಂಟು! ಮೂರು ದಿನ ನಾನು ಅಳೆದದ್ದು ದೇವರ ನೈವೇದ್ಯವನ್ನು. ಐದಕ್ಕೆ ಹೋಗುತ್ತಿದ್ದಾಗ ಪೂಜೆ ಶುರುವಾಗಿರುತ್ತಿರಲಿಲ್ಲ. ಚುಚ್ಚುವ ಮೊದಲು ಬೆರಳು ತೊಳೆಸಬೇಕೆಂಬುದು ಮೊದಲ ವರ್ಷದ ಪಾಠ. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಹೊಡೆದಿದ್ದೆ.

"ಇರುವಿಗೆ ತಿಳೀತು, ಇಷ್ಟ ಕಲತಾಕಿಗೆ ತಿಳೀಲಿಲ್ಲ ನೋಡ," ಎಂದು ಅಜ್ಜಿ ಮಾವಶಿಗೆ ವರದಿ ಒಪ್ಪಿಸಿದರು.

"ಅಗ ಬಾಯಿ!" ಎಂದು ಮಾವಶಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಪಾಳಿಯ ಪುಸ್ತಕದಲ್ಲಿ "ಬೆರಳು ತೊಳೆಸಿರಲಿಲ್ಲ, ತಪ್ಪು ನನ್ನದು" ಎಂದು ಬರೆದೆ. ಅಂದು ಮಾತ್ರ ಸಹಿಯ ಮುಂದೆ ಬಿ.ಎಸ್ಸಿ. ಬರೆಯಲು ಜಾಗ ಸಾಲಲಿಲ್ಲ. ಡಾಕ್ಟರು ಅದನ್ನು ಎರಡು ಸಲ ಓದಿ, ನನ್ನನ್ನು ಒಂದು ಸಲ ನೋಡಿ, ಅಜ್ಜಿಯನ್ನು ಖಾನಾಪುರಕ್ಕೆ ಬಿಟ್ಟರು. ಟ್ರಂಕು ಶೋಧಿಸಿದ್ದಕ್ಕೆ ಅಜ್ಜಿ ವಿಧಿಸಿದ ದಂಡವಾಗಿ, ಕುಂಚಿಗೆಯ ಅಂಚನ್ನು ನಾನು ಹೊಲಿದೆ.

ಸೋಮವಾರ ಅಜ್ಜಿ ಮರಳಿದರು. "ತೊಟ್ಟಲದ ಸಕ್ಕರಿ, ತಗೋ ಬಾ." ಅಂಗೈ ಚಾಚಿದೆ. ಪೊಟ್ಟಣ ಹಿಂದಕ್ಕೆ ಸರಿಯಿತು. "ಮೊದಲ ಕೈ ತೊಳಕೊಂಡ ಬಾ."

ತೊಳೆದು ಬಂದೆ. ಟವೆಲ್ ಕಾಣಲಿಲ್ಲ. ಮಾವಶಿ ನೋಡುತ್ತಿದ್ದರು. ಹೆಗಲ ಮೇಲಿನ ಓಢಣಿಗೆ ಮೂರು ಸಲ ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.