ಐದು ಗೆರೆಯ ಮೇಲೆ ಶರಣವ್ವನ ಚುಕ್ಕಿ

ಬಿಜಾಪುರದ ಕಡೆಯ ನಾಟಕ ಕಂಪನಿ ಮುಳುಗಿದಾಗ ಹಾರ್ಮೋನಿಯಂ ಪರಪ್ಪ ಹೆಂಡತಿ ಶರಣವ್ವನನ್ನು ಕರೆದುಕೊಂಡು ಮುಂಬಯಿಗೆ ಬಂದ. ವಿಲೆ ಪಾರ್ಲೆಯ ಚಾಳಿನಲ್ಲಿ ಕೋಣೆ ಹಿಡಿದ. ಗೋವಾದ ಪಿಟೀಲು ಮೇಷ್ಟ್ರೊಬ್ಬರ ಕೈಕಾಲು ಹಿಡಿದು, ಐದು ಗೆರೆಯ ಮೇಲೆ ಚುಕ್ಕಿಯಿಟ್ಟು ಸ್ವರ ಬರೆಯುವ ವಿದ್ಯೆ ಕಲಿತ. ಸಿನಿಮಾದ ಸಂಗೀತ ನಿರ್ದೇಶಕರು ಒಂದು ಧಾಟಿ ಗುನುಗಿ ಪಾನ್ ಹಾಕಿಕೊಂಡುಬಿಡುತ್ತಿದ್ದರು. ಮೂವತ್ತು ವಾದ್ಯಗಳಲ್ಲಿ ಯಾವುದು ಎಲ್ಲಿ ಏಳಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂಬುದೆಲ್ಲ ಪರಪ್ಪನ ಪಾಲಿಗೆ. ಅವನು ಮೂಲೆಯಲ್ಲಿ ಕೂತು ತುಟಿ ಪಿಟಕ್ಕೆನ್ನದೆ ಬರೆಯುತ್ತಿದ್ದ. ಸದ್ದೇ ಇಲ್ಲದೆ ಸಂಗೀತ ಹುಟ್ಟುವುದನ್ನು ಕಂಡು ಶರಣವ್ವ ದಂಗಾಗಿದ್ದಳು.

ಒಬ್ಬೊಬ್ಬ ವಾದಕನಿಗೂ ಒಂದೊಂದು ಹಾಳೆ ಬೇಕು. ಆ ನಕಲಿನ ಕೆಲಸ ಅವಳದಾಯಿತು. ಓದು ಬಾರದು, ನಿಜ. ಆದರೆ ಎಂಥ ರಂಗೋಲಿಯನ್ನೂ ಒಮ್ಮೆ ನೋಡಿದರೆ ಸಾಕು, ಮರುದಿನ ಒಂದು ಚುಕ್ಕಿ ತಪ್ಪದೆ ಎಳೆಯುವವಳು. ಗಂಡನ ವಿದ್ಯೆಯಲ್ಲಿ ತನ್ನ ಕೈಯೂ ಇದೆ ಎಂಬುದಕ್ಕಿಂತ ದೊಡ್ಡ ಒಡವೆ ಅವಳಿಗಿರಲಿಲ್ಲ.

ಐವತ್ಮೂರನೇ ಇಸವಿಯಲ್ಲಿ ಗೋರೆಗಾಂವ್‌ನ ರೆಕಾರ್ಡಿಂಗಿಗೆ ಪರಪ್ಪ ಮೊದಲ ಸಲ ಅವಳನ್ನು ಕರೆದೊಯ್ದ. ಅವಳು ಬರೆದ ಹಾಳೆಗಳನ್ನಿಟ್ಟುಕೊಂಡು ಮೂವತ್ತು ಜನ ಒಮ್ಮೆಗೇ ನುಡಿಸಿದಾಗ ಅವಳ ಮೈ ಜುಮ್ಮೆಂದಿತು. ಇವು ನನ್ನ ಚುಕ್ಕಿಗಳೇ ಏನು ಎಂದುಕೊಳ್ಳುವಷ್ಟರಲ್ಲಿ ಪಿಟೀಲುಗಳು ಅಪಸ್ವರ ಕೂಗಿದವು. ಹಾಡುವಾಕೆ ನಿಲ್ಲಿಸಿದಳು.

“ಪರಪ್ಪಾ, ಯೇ ಕ್ಯಾ ಲಿಖಾ ಹೈ?” ಇದೇನು ಬರೆದಿದ್ದೀಯ ಎಂದು ಸಂಗೀತ ನಿರ್ದೇಶಕರು ಗದರಿದರು.

ಶರಣವ್ವನಿಗೆ ತಾನು ಮಾಡಿದ್ದು ನೆನಪಾಯಿತು. ನಕಲು ಮಾಡುವಾಗ ಚುಕ್ಕಿಗಳ ನಾಲ್ಕು ಗೊಂಚಲು ಒಂದೇ ಥರ ಇದ್ದವು. ಐದನೆಯದರಲ್ಲಿ ಮಾತ್ರ ಒಂದು ಚುಕ್ಕಿ ಮೇಲೆ ಹಾರಿತ್ತು. ರಂಗೋಲಿಯಲ್ಲಿ ಹಾಗೆ ಬಿಟ್ಟರೆ ಓಣಿಯ ಹೆಂಗಸರು ನಗುತ್ತಾರೆ. ಪಾಪ, ಗಂಡ ತೂಕಡಿಸಿರಬೇಕೆಂದು ಆರೂ ಪಿಟೀಲು ಹಾಳೆಗಳಲ್ಲಿ ಅದನ್ನು ಕೆಳಗಿಳಿಸಿದ್ದಳು, ಜಾಣೆ.

ಪರಪ್ಪ ಹಾಳೆ ನೋಡಿದ, ಅವಳನ್ನು ನೋಡಿದ. “ಗಲತಿ ಮೇರಿ ಹೈ, ಸಾಬ್” ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡು, ಪೆನ್ಸಿಲ್ ತೆಗೆದು ಆರೂ ಕಡೆ ತಿದ್ದಿದ. ಮನೆಗೆ ಬಂದ ಮೇಲೂ ಬೈಯಲಿಲ್ಲ. ಆದರೆ ಮರುವಾರದಿಂದ ನಕಲಿನ ಕೆಲಸ ಸಾಂತಾಕ್ರೂಜ್‌ನ ಇನ್ನೊಬ್ಬನಿಗೆ ಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದು ಅವಳಿಗೆ ಎರಡು ವರ್ಷ ನೋಯಿತು. ಗಂಡ ಬರೆಯುವಾಗ ಚಹಾ ಇಟ್ಟು, ಹಾಳೆಯ ಕಡೆ ನೋಡದೆ ಆಚೆ ಹೋಗುತ್ತಿದ್ದಳು.

ಐವತ್ತೈದರಲ್ಲಿ ಕನ್ನಡ ಸಂಘದ ಸಂಗೀತ ನಾಟಕಕ್ಕೆ ಪರಪ್ಪನೇ ಹಾಡು ಕಟ್ಟಿದ. ಹೋಟೆಲು ನಡೆಸುವ ಚೆನ್ನಯನಿಗೆ ರಾಜನ ಪಾರ್ಟು. ಅವನ ದೋಸೆ ತಿಂದ ತಪ್ಪಿಗೆ ರೆಕಾರ್ಡಿಂಗಿನಲ್ಲಿ ನುಡಿಸುತ್ತಿದ್ದ ಗೋವಾದ ಆರು ಪಿಟೀಲಿನವರೂ ಬರಲೊಪ್ಪಿದ್ದರು. ಒಂದು ಮಧ್ಯಾಹ್ನ ಪರಪ್ಪ ತಾನು ಬರೆದದ್ದರ ಜೊತೆ ಖಾಲಿ ಹಾಳೆಗಳ ಕಟ್ಟೊಂದನ್ನು ಅವಳ ಮುಂದಿಟ್ಟ.

“ನಾ ಒಲ್ಲೆ ರೀ. ಮತ್ತ ಏನರ ಕೆಡಿಸ್ತೀನಿ.”

“ಮೊದಲ ನೋಡು.”

ನೋಡಿದಳು. ಒಂದೇ ಥರದ ನಾಲ್ಕು ಗೊಂಚಲು, ಐದನೆಯದೂ ಹಾಗೇ. ಚುಕ್ಕಿ ಅವಳು ಇಳಿಸಿದ್ದಲ್ಲೇ ಇತ್ತು.

“ಇದು ಅವತ್ತಿನ ತಪ್ಪಲ್ಲೇನ್ರೀ?”

“ಅಲ್ಲಿ ಹಾಡು ಅವರದು, ಪಿಟೀಲು ಅದರ ಹಿಂದ ಹೋಗಬೇಕಿತ್ತು,” ಎಂದ ಪರಪ್ಪ. “ಇಲ್ಲಿ ಹಾಡು ನಂದು. ಎರಡು ವರ್ಷ ಆತು, ನೀ ಇಟ್ಟ ಸ್ವರ ತಲಿ ಬಿಟ್ಟು ಹೋಗವಲ್ದು. ಹಾಡನ್ನ ಅದಕ್ಕ ಹೊಂದಿಸೀನಿ.”

ಶರಣವ್ವ ಮೊದಲು ಸೆರಗಿನಿಂದ ಕಣ್ಣೊರೆಸಿಕೊಂಡಳು, ಹಾಳೆ ನೆನೆಯಬಾರದಲ್ಲ. ಆಮೇಲೆ ಮಸಿಯ ದೌತಿ ಎಳೆದುಕೊಂಡಳು.

ನಾಟಕದ ದಿನ ಆ ಜಾಗ ಬಂದಾಗ ಆರೂ ಪಿಟೀಲುಗಳು ಮೆಲ್ಲನೆ ಕೆಳಗಿಳಿದವು. ಅವುಗಳ ಹಿಂದೆ ಹಾಡೂ ಇಳಿಯಿತು. ಸಭೆಯಲ್ಲಿ ಕೂತಿದ್ದ ಶರಣವ್ವನ ತೋರುಬೆರಳು ತೊಡೆಯ ಮೇಲೆ, ಸರಿಯಾಗಿ ಆ ಗಳಿಗೆಗೆ, ಒಂದು ಚುಕ್ಕಿ ಇಟ್ಟಿತು.